ಆರೋಗ್ಯ ಸಂವಹನ ಸಂಶೋಧನೆಯಲ್ಲಿ ಆಕರಗಳ ವಿಶ್ವಾಸಾರ್ಹತೆ: ಬೆಂಗಳೂರು ಉತ್ತರ ಭಾಗವನ್ನು ಅನುಲಕ್ಷಿಸಿ

1

ಕನ್ನಡದಲ್ಲಿ ವೈದ್ಯ ಸಾಹಿತ್ಯದ ಅಧ್ಯಯನಕ್ಕೆ ದೀರ್ಘವಾದ ಪರಂಪರೆಯಿದೆ. ಕೀರ್ತಿವರ್ಮನ 'ಗೋವೈದ್ಯ', ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಒಂದನೆಯ ಮಂಗರಾಜನ 'ಖಗೇಂದ್ರಮಣಿದರ್ಪಣ' ಮುಂತಾದ ಕೃತಿಗಳನ್ನು ಕುರಿತು ಬರೆಯುವ ವಿದ್ವಾಂಸರು ಯಾವ ಪ್ರತಿ, ಯಾವ ಕಾಲದ್ದು, ಲಿಪಿಕಾರ ಯಾರು, ಪಾಠಾಂತರಗಳಲ್ಲಿ ಯಾವುದು ಪ್ರಾಚೀನ ಎಂಬ ಪ್ರಶ್ನೆಗಳನ್ನು ಕೇಳದೆ ಮುಂದೆ ಹೋಗುವುದಿಲ್ಲ. ಆದರೆ ಆಧುನಿಕ ಕಾಲದ ಆರೋಗ್ಯ ಸಂವಹನದ ವಿಷಯ ಬಂದಾಗ ಇದೇ ಶಿಸ್ತು ಕೈಬಿಟ್ಟು ಹೋಗುತ್ತದೆ. ಆಸ್ಪತ್ರೆಯ ಗೋಡೆಯ ಮೇಲಿನ ಭಿತ್ತಿಪತ್ರ, ಕರಪತ್ರ, ದಿನಪತ್ರಿಕೆಯ ಆರೋಗ್ಯ ಅಂಕಣ, ಮೊಬೈಲಿನಲ್ಲಿ ಬಂದ ಸಂದೇಶ ಇವೆಲ್ಲ ತಾವೇ ತಮ್ಮ ಪ್ರಮಾಣವೆಂಬಂತೆ ಪ್ರಬಂಧಗಳಲ್ಲಿ ಸೇರಿಕೊಳ್ಳುತ್ತವೆ. ಓಲೆಗರಿಗೆ ಕೇಳುವ ಪ್ರಶ್ನೆಗಳನ್ನು ಕರಪತ್ರಕ್ಕೂ ಕೇಳಬೇಕೆಂಬುದು ಕನ್ನಡ ವಿಭಾಗಗಳಲ್ಲಿ ಇನ್ನೂ ರೂಢಿಯಾಗಿಲ್ಲ.

ಈ ಕ್ಷೇತ್ರದಲ್ಲಿ ವಿಶ್ವಾಸಾರ್ಹತೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ಆಕರವು ರೋಗದ ಬಗ್ಗೆ ಹೇಳುವ ಮಾತು ನಿಜವೇ ಎಂಬುದು ಒಂದು. ಆ ಆಕರವು ಸಂವಹನದ ಬಗ್ಗೆ, ಅಂದರೆ ಯಾರು ಯಾರಿಗೆ ಯಾವಾಗ ಯಾವ ಮಾತುಗಳಲ್ಲಿ ಹೇಳಿದರು, ಕೇಳಿದವರು ಏನೆಂದು ಗ್ರಹಿಸಿದರು ಎಂಬುದರ ಬಗ್ಗೆ ನಂಬಬಹುದಾದ ಸಾಕ್ಷ್ಯವೇ ಎಂಬುದು ಇನ್ನೊಂದು. ಇವು ಸದಾ ಜೊತೆಯಾಗಿ ಇರುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ಕೆಲವು ರಾಜ್ಯಗಳಲ್ಲಿ 9 ತಿಂಗಳಿನಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಡೆದಾಗ, ವಾಟ್ಸಾಪ್ ಮೂಲಕ ಹರಡಿದ ವದಂತಿಗಳಿಂದ ಅನೇಕ ಪೋಷಕರು ಹಿಂಜರಿದರು. ಲಸಿಕೆಯ ಗುಣಾವಗುಣಗಳನ್ನು ತಿಳಿಯಲು ಅಂಥ ಸಂದೇಶ ಕಿಂಚಿತ್ತೂ ಉಪಯೋಗವಿಲ್ಲದ್ದು. ಪೋಷಕರ ಭಯದ ಸ್ವರೂಪವನ್ನು ತಿಳಿಯಲು ಅದಕ್ಕಿಂತ ಹತ್ತಿರದ ಮೂಲ ಆಕರ ಮತ್ತೊಂದಿಲ್ಲ. ಆದರೆ ಬಂದ ದಿನಾಂಕ, ಬಂದ ಗುಂಪಿನ ಸ್ವರೂಪ, ಮೂಲದ ಕಾಗುಣಿತ ಇವುಗಳನ್ನು ಹಾಗೆಯೇ ಉಳಿಸಿಕೊಂಡರೆ ಮಾತ್ರ ಅದು ಆಕರವಾಗುತ್ತದೆ. ತಪ್ಪುಗಳನ್ನು ತಿದ್ದಿ ಶಿಷ್ಟ ಕನ್ನಡದಲ್ಲಿ ಪುನಃ ಬರೆದುಕೊಂಡರೆ ಉಳಿಯುವುದು ಸಂಶೋಧಕರ ಕೈಬರಹ ಮಾತ್ರ.

2

ಬೆಂಗಳೂರು ಉತ್ತರ ಭಾಗದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಅತ್ಯಂತ ಮುಖ್ಯವಾದ ಆಕರವೊಂದು ಕನ್ನಡ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದದ್ದು ಕಡಿಮೆ. ನಗರದಿಂದ ಹೆಬ್ಬಾಳದ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ, ಮೇಖ್ರಿ ವೃತ್ತಕ್ಕೆ ಮುನ್ನ, 'ಅವಲಾನ್' ಎಂಬ ಹಳೆಯ ಬಂಗಲೆಯ ಆವರಣದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ರೂಪುಗೊಂಡ ಈ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದರು. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಆಧಾರವಾದ ಸಂಶೋಧನೆ ನಡೆದದ್ದು ಇಲ್ಲಿಯೇ.

ಆ ಸಂಶೋಧನೆಗಳಲ್ಲಿ ಒಂದು ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರದು. ತುಮಕೂರು ಜಿಲ್ಲೆಯಲ್ಲಿ ನಡೆದ ಈ ಸಮಾಜಶಾಸ್ತ್ರೀಯ ಅಧ್ಯಯನವು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನ 29ನೆಯ ಸಂಪುಟದಲ್ಲಿ ಪ್ರಕಟವಾಯಿತು. ಅಂದಿನ ಸಾಮಾನ್ಯ ನಂಬಿಕೆ ಹೀಗಿತ್ತು: ಹಳ್ಳಿಯ ಜನ ಅಜ್ಞಾನಿಗಳು, ಕ್ಷಯದ ಲಕ್ಷಣ ಅವರಿಗೆ ತಿಳಿಯದು, ತಿಳಿದರೂ ಆಸ್ಪತ್ರೆಗೆ ಬಾರರು, ಆದ್ದರಿಂದ ಮೊದಲು ಅವರಿಗೆ ಆರೋಗ್ಯ ಶಿಕ್ಷಣ ಕೊಡಬೇಕು, ರೋಗಿಗಳನ್ನು ಹುಡುಕಲು ಕ್ಷಕಿರಣ ಯಂತ್ರ ಹೊತ್ತ ವಾಹನಗಳನ್ನು ಊರೂರಿಗೆ ಕಳಿಸಬೇಕು. ಅಧ್ಯಯನದಿಂದ ತಿಳಿದುಬಂದದ್ದು ಬೇರೆ. ಕಫಪರೀಕ್ಷೆಯಲ್ಲಿ ರೋಗಾಣು ಕಂಡುಬಂದವರಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಧುನಿಕ ವೈದ್ಯಕೀಯ ಸಂಸ್ಥೆಯೊಂದರ ಬಾಗಿಲಿಗೆ ಹೋಗಿ ಬಂದಿದ್ದರು. ಹಾಗೆ ಹೋದವರು ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗುತ್ತಿದ್ದರೆಂದು ಬ್ಯಾನರ್ಜಿ ತಮ್ಮ ನಂತರದ ಬರಹಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ.

ಸಂವಹನದ ಅಧ್ಯಯನಕ್ಕೆ ಈ ಫಲಿತವು ಸಣ್ಣದಲ್ಲ. ರೋಗಿ ಹೇಳಿದ್ದ, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಂಡಿರಲಿಲ್ಲ. ಆ ಕಾಲದ ಆರೋಗ್ಯ ಪ್ರಚಾರ ಸಾಮಗ್ರಿಯನ್ನಷ್ಟೇ ಆಕರವಾಗಿ ಹಿಡಿದ ಸಂಶೋಧಕರು ಅನಿವಾರ್ಯವಾಗಿ 'ಜನರ ಅಜ್ಞಾನ' ಎಂಬ ತೀರ್ಮಾನಕ್ಕೆ ಬರುತ್ತಾರೆ. ಏಕೆಂದರೆ ಪ್ರಚಾರ ಸಾಮಗ್ರಿ ಹುಟ್ಟಿದ್ದೇ ಆ ನಂಬಿಕೆಯಿಂದ. ಆಕರದ ಆಯ್ಕೆಯಲ್ಲಿಯೇ ಉತ್ತರ ಅಡಗಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ. ಇಂದಿಗೂ ಕನ್ನಡದ ಎಷ್ಟೋ ಪ್ರಬಂಧಗಳು 'ಗ್ರಾಮೀಣರಲ್ಲಿ ಅರಿವಿನ ಕೊರತೆ' ಎಂಬ ವಾಕ್ಯದಿಂದ ಆರಂಭವಾಗಿ ಅದೇ ವಾಕ್ಯದಲ್ಲಿ ಮುಗಿಯುತ್ತವೆ. ನಡುವೆ ಪ್ರಶ್ನಾವಳಿಯೊಂದು ಇರುತ್ತದೆ, ಅಷ್ಟೆ.

ಈ ಅಧ್ಯಯನವನ್ನು ಉಲ್ಲೇಖಿಸುವಾಗಲೂ ಎಚ್ಚರ ಅಗತ್ಯ. 'ಅರ್ಧಕ್ಕಿಂತ ಹೆಚ್ಚು' ಎಂಬುದು ಒಂದು ಜಿಲ್ಲೆಯಲ್ಲಿ, 1960ರ ದಶಕದ ಆರಂಭದಲ್ಲಿ, ಸಮೀಕ್ಷೆಯಿಂದ ಗುರುತಿಸಲಾದ, ಕಫದಲ್ಲಿ ರೋಗಾಣು ಕಂಡುಬಂದವರಿಗೆ ಸಂಬಂಧಿಸಿದ ಮಾತು. ಅದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ದಾಟುವಾಗ 'ಭಾರತದ ಕ್ಷಯರೋಗಿಗಳಲ್ಲಿ ಅರ್ಧದಷ್ಟು ಮಂದಿ' ಎಂದಾಗಿಬಿಡುವುದು ಸುಲಭ. ಇದೇ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ದೀರ್ಘಾವಧಿಯ ಸಮೀಕ್ಷೆ ಬೇರೆಯದೇ ಆದ ಪ್ರಶ್ನೆಗೆ, ಅಂದರೆ ಸೋಂಕು ಮತ್ತು ರೋಗದ ಪ್ರಮಾಣಕ್ಕೆ ಸಂಬಂಧಿಸಿದ್ದು. ಸಂಸ್ಥೆ ಒಂದೇ, ಕಾಲ ಹತ್ತಿರದ್ದು ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು. ಮೂಲ ಲೇಖನವನ್ನು ವಿಶ್ವ ಆರೋಗ್ಯ ಸಂಸ್ಥೆಯ ಸಂಗ್ರಹದಿಂದ ಯಾರಾದರೂ ಓದಬಹುದಾದ್ದರಿಂದ ಉಲ್ಲೇಖದಿಂದ ಉಲ್ಲೇಖಕ್ಕೆ ಹೋಗುವುದಕ್ಕೆ ನೆಪವೂ ಉಳಿದಿಲ್ಲ.

ಕನ್ನಡ ಸಂಶೋಧಕರಿಗೆ ಇಲ್ಲಿ ಇನ್ನೊಂದು ಕೆಲಸ ಕಾದಿದೆ. ಸಂದರ್ಶನ ನಡೆದದ್ದು ಕನ್ನಡ ನೆಲದಲ್ಲಿ, ವರದಿ ಇಂಗ್ಲಿಷಿನದು. ಲಕ್ಷಣದ ಅರಿವು, ಅದರ ಬಗೆಗಿನ ಆತಂಕ, ಆತಂಕದಿಂದ ಕೈಗೊಂಡ ಕ್ರಮ ಎಂದು ಆ ಅಧ್ಯಯನವು ಮೂರು ಮೆಟ್ಟಿಲುಗಳನ್ನು ಗುರುತಿಸುತ್ತದೆ. ಹಳ್ಳಿಯವರ ಬಾಯಲ್ಲಿ ಈ ಎರಡನೆಯ ಮೆಟ್ಟಿಲು ಚಿಂತೆಯೋ, ಭಯವೋ, ದಿಗಿಲೋ, 'ಯಾಕೋ ಸರಿಯಿಲ್ಲ' ಎಂಬ ಮಾತೋ? ಒಂದೊಂದು ಪದಕ್ಕೂ ಒಂದೊಂದು ನಡೆ ಅಂಟಿಕೊಂಡಿರುತ್ತದೆ. ದಿಗಿಲುಬಿದ್ದವನು ಓಡುತ್ತಾನೆ, ಚಿಂತೆ ಹಿಡಿದವನು ಕೂರುತ್ತಾನೆ. ಅನುವಾದಗೊಂಡ ಅಂಕಿಅಂಶ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಭಾಷಾ ವಿಭಾಗದ ವಿದ್ಯಾರ್ಥಿ ವೈದ್ಯಕೀಯ ಸಂಶೋಧನೆಗೆ ಏನನ್ನಾದರೂ ಸೇರಿಸಬಲ್ಲನೆಂದರೆ ಅದು ಇಲ್ಲಿ.

3

ರೋಗದ ಹೆಸರುಗಳ ವಿಷಯದಲ್ಲಿ ಆಕರಗಳು ಓದುಗರನ್ನು ದಾರಿ ತಪ್ಪಿಸುವುದು ಹೆಚ್ಚು. 'ಮಂಗನಬಾವು' ಎಂಬುದು ಕೆನ್ನೆಯ ಕೆಳಗೆ ಊದಿಕೊಳ್ಳುವ, ಮಕ್ಕಳಲ್ಲಿ ಸಾಮಾನ್ಯವಾದ ಕಾಯಿಲೆ. 'ಮಂಗನ ಕಾಯಿಲೆ' ಎಂಬುದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ, ಉಣ್ಣೆಗಳಿಂದ ಹರಡುವ ಮಾರಕ ಜ್ವರ. ಇವೆರಡಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಹಾಗೆಯೇ ಈಚಿನ ಪತ್ರಿಕೆಗಳ 'ಇಲಿ ಜ್ವರ'ವು ಲೆಪ್ಟೊಸ್ಪೈರೋಸಿಸ್; ಇಲಿ ಸಾಯುವುದರೊಡನೆ ಜನರ ನೆನಪಿನಲ್ಲಿ ಉಳಿದಿರುವ ಪ್ಲೇಗು ಅಲ್ಲ. ದಡಾರಕ್ಕೆ ಉತ್ತರ ಕರ್ನಾಟಕದಲ್ಲಿ 'ಗೊಬ್ಬರ' ಎನ್ನುತ್ತಾರೆ. 'ಅಮ್ಮ' ಎಂಬ ಮಾತು ಸಿಡುಬಿಗೂ ಸೀತಾಳೆ ಸಿಡುಬಿಗೂ ಸಲ್ಲುತ್ತದೆ. 'ಮಹಾಮಾರಿ'ಯಂತೂ ಕಾಲಾನುಕ್ರಮದಲ್ಲಿ ಕಾಲರಾ, ಪ್ಲೇಗು, ಕೊರೋನಾ ಎಲ್ಲಕ್ಕೂ ಬಳಕೆಯಾಗಿದೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದು. ಆದ್ದರಿಂದ ಅದರ ನಂತರದ ವರದಿಯೊಂದರಲ್ಲಿ ಊರಲ್ಲಿ 'ಸಿಡುಬು' ಎಂದು ಕಂಡರೆ ಬರೆದವರು ಮತ್ತೊಂದು ರೋಗವನ್ನು ಆ ಹೆಸರಿನಿಂದ ಕರೆದಿದ್ದಾರೆಂದೇ ಗ್ರಹಿಸಬೇಕಾಗುತ್ತದೆ. ಇಂಥ ಕಡೆ ನಿಘಂಟು ಸಾಲದು. ವರದಿಯ ಕಾಲ, ಊರು, ವಿವರಿಸಿದ ಲಕ್ಷಣ ಮೂರನ್ನೂ ಕೂಡಿಸಿ ನೋಡಬೇಕು.

ಸ್ಥಳನಾಮಗಳ ತೊಡಕು ಬೆಂಗಳೂರು ಉತ್ತರದಲ್ಲಿ ವಿಶೇಷವಾದುದು. 2018ರ ಜನವರಿಯಲ್ಲಿ ದಾಸರಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತೆಂಬ ಸುದ್ದಿ ಬಂದಾಗ ಅದು ಹೆಬ್ಬಾಳದ ಸಮೀಪದ ದಾಸರಹಳ್ಳಿ; ತುಮಕೂರು ರಸ್ತೆಯ ಟಿ. ದಾಸರಹಳ್ಳಿಯಲ್ಲ. ಇದಕ್ಕೂ ಮೊದಲು, 2012ರಲ್ಲಿ, ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆಯಲ್ಲಿ ಅದೇ ರೋಗ ಕಾಣಿಸಿಕೊಂಡಿತ್ತು. ಇಂಥ ಸಂದರ್ಭಗಳಲ್ಲಿ ರೋಗವನ್ನು ಖಚಿತಪಡಿಸುವುದು ಭೋಪಾಲದ ಉನ್ನತ ಭದ್ರತಾ ಪ್ರಾಣಿರೋಗ ಪ್ರಯೋಗಾಲಯ. ಪತ್ರಿಕೆಯ ಮೊದಲ ದಿನದ ಸುದ್ದಿಗೂ ಪ್ರಯೋಗಾಲಯದ ದೃಢೀಕರಣಕ್ಕೂ ನಡುವಿನ ದಿನಗಳಲ್ಲಿ ಜನ ಏನು ಮಾತಾಡಿಕೊಂಡರು, ಕೋಳಿ ಅಂಗಡಿಯ ವ್ಯಾಪಾರ ಏನಾಯಿತು ಎಂಬುದೇ ಸಂವಹನದ ಅಧ್ಯಯನಕ್ಕೆ ಮುಖ್ಯ. 1925ರಿಂದ ಹೆಬ್ಬಾಳದಲ್ಲಿರುವ ಪಶು ಲಸಿಕಾ ಸಂಸ್ಥೆ, ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಗ್ರಂಥಾಲಯ ಇವು ಇಷ್ಟು ಹತ್ತಿರದಲ್ಲಿದ್ದೂ ಆರೋಗ್ಯ ಸಂವಹನವನ್ನು ಮನುಷ್ಯರ ಆಸ್ಪತ್ರೆಗಷ್ಟೇ ಸೀಮಿತಗೊಳಿಸಿಕೊಂಡಿರುವುದು ಆಶ್ಚರ್ಯದ ಸಂಗತಿ. ಕೀರ್ತಿವರ್ಮನ ನಾಡಿನಲ್ಲಿ ಹಾಗಾಗಬಾರದಿತ್ತು.

ಆಡಳಿತದ ಗಡಿಗಳೂ ಸ್ಥಿರವಲ್ಲ. 2007ರವರೆಗೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಪ್ರತ್ಯೇಕ ನಗರಸಭೆಗಳು. ಆ ವರ್ಷ ಅವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡವು. 2025ರ ಸೆಪ್ಟೆಂಬರಿನಿಂದ ಆ ಪಾಲಿಕೆಯೂ ಇಲ್ಲ. ಅದರ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಿವೆ. ಹೀಗಾಗಿ 2005ರ ದಾಖಲೆಯ 'ಯಲಹಂಕ'ವೂ 2020ರ ಕೊರೋನಾ ಪ್ರಕಟಣೆಯ 'ಯಲಹಂಕ ವಲಯ'ವೂ ಒಂದೇ ಪ್ರದೇಶವಲ್ಲ. ಅವೆರಡನ್ನು ಅಕ್ಕಪಕ್ಕ ಇಟ್ಟು ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವುದು ತಪ್ಪಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳಂತೂ ಜಿಲ್ಲೆಯ ಮಟ್ಟದವು, ಅವುಗಳಿಂದ ಆರ್.ಟಿ. ನಗರ ಅಥವಾ ಯಶವಂತಪುರದ ಬಗ್ಗೆ ಏನನ್ನೂ ಹೇಳಲಾಗದು. ಅದರ ಐದನೆಯ ಸುತ್ತಿಗೆ '2019-21' ಎಂಬ ಶೀರ್ಷಿಕೆಯಿದೆ. ಆದರೆ ಕರ್ನಾಟಕವು 2019ರ ಜೂನ್‌ನಿಂದ 2020ರ ಜನವರಿಯವರೆಗೆ ನಡೆದ ಮೊದಲ ಹಂತಕ್ಕೆ ಸೇರಿದ್ದು. ಎಂದರೆ ಇಲ್ಲಿನ ಮಾಹಿತಿಯೆಲ್ಲ ಕೊರೋನಾ ಪೂರ್ವದ್ದು. ಶೀರ್ಷಿಕೆಯನ್ನು ಮಾತ್ರ ನೋಡಿ ಕೊರೋನೋತ್ತರ ಪರಿಸ್ಥಿತಿಗೆ ಅದನ್ನು ಸಾಕ್ಷಿಯಾಗಿ ಕರೆಯುವುದು ದೊಡ್ಡ ಪ್ರಮಾದ.

4

ಪ್ಲೇಗಿನ ವಿಚಾರದಲ್ಲಿ ಅಂಕಿ ಮತ್ತು ಸಾಹಿತ್ಯ ಎರಡೂ ಬಗೆಯ ಆಕರಗಳ ಪರೀಕ್ಷೆ ಸಾಧ್ಯವಾಗುತ್ತದೆ. 1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. 1891ರ ಜನಗಣತಿಯಲ್ಲಿ 1,80,366 ಇದ್ದ ನಗರದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಈ 21,320ರ ಇಳಿಕೆಯನ್ನು ಪ್ಲೇಗಿನ ಸಾವುಗಳೆಂದು ಓದಬಾರದು. ಊರು ಬಿಟ್ಟು ಹೋದವರು ಅದರಲ್ಲಿ ಸೇರಿದ್ದಾರೆ, ಹತ್ತು ವರ್ಷಗಳ ಜನನ ಮರಣಗಳೂ ಸೇರಿವೆ. ಇದಲ್ಲದೆ ಆಗ ಬೆಂಗಳೂರು ಒಂದು ಊರಾಗಿರಲಿಲ್ಲ. ಮೈಸೂರು ಸರ್ಕಾರದ ನಗರ ಒಂದು, ಬ್ರಿಟಿಷ್ ರೆಸಿಡೆಂಟರ ಅಧೀನದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಇನ್ನೊಂದು. 1901ರ ಸಂಖ್ಯೆಯಲ್ಲಿ ನಗರದ ಪಾಲು 69,447, ದಂಡಿನ ಪಾಲು 89,599. ಎರಡು ಆಡಳಿತ, ಎರಡು ಕಡತ ಸಂಗ್ರಹ, ಜನರನ್ನು ಉದ್ದೇಶಿಸಿ ಮಾತಾಡುವ ಎರಡು ರೀತಿ. ಪ್ಲೇಗಿನ ಅನಂತರ ರೂಪುಗೊಂಡ ಫ್ರೇಜರ್ ಟೌನ್ ದಂಡಿನ ಕಡೆಯದು. ಮಲ್ಲೇಶ್ವರ, ಬಸವನಗುಡಿಗಳು ನಗರದ ಕಡೆಯವು. ಒಂದೇ ಕಡೆಯ ಕಡತಗಳನ್ನು ನೋಡಿ 'ಬೆಂಗಳೂರಿನಲ್ಲಿ ಪ್ಲೇಗು' ಎಂದು ಬರೆದರೆ ಅರ್ಧ ಊರು ಮಾತ್ರ ಕಾಣುತ್ತದೆ.

ಕನ್ನಡ ಎಂ.ಎ. ಮಾಡಿ ಬಂದವರಿಗೆ ಸಹಜವಾಗಿ ಮೊದಲು ನೆನಪಾಗುವುದು ಕಾದಂಬರಿಗಳು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರದು, ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿನ ಪ್ಲೇಗಿನಿಂದ ರೋಗದ ಹಬ್ಬುವಿಕೆಯನ್ನಾಗಲಿ ಸಾವಿನ ಲೆಕ್ಕವನ್ನಾಗಲಿ ತೆಗೆಯುವುದು ಕೃತಿಗೂ ಚರಿತ್ರೆಗೂ ಮಾಡುವ ಅನ್ಯಾಯ. ಇಲಿ ಸಾಯುವಂಥ ಒಂದು ಚಿಹ್ನೆಯನ್ನು ಒಂದು ಸಮುದಾಯ ಯಾವ ಚೌಕಟ್ಟಿನಲ್ಲಿ ಇಟ್ಟು ಓದುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅದು ಸಮರ್ಥ ಆಕರ. ಎಸ್.ಎಲ್. ಭೈರಪ್ಪನವರ ವಿಷಯದಲ್ಲಿ ಸನ್ನಿವೇಶ ತುಸು ಭಿನ್ನ. 'ಗೃಹಭಂಗ'ದ (1970) ಪ್ಲೇಗಿನ ಹಿಂದೆ ಲೇಖಕರ ಬಾಲ್ಯದ ಅನುಭವವಿದೆ. ಆತ್ಮಕಥೆ 'ಭಿತ್ತಿ' (1996) ಅದನ್ನು ನೇರವಾಗಿ ಹೇಳುತ್ತದೆ. ಎರಡನ್ನೂ ಹೋಲಿಸಿ ಓದಿದಾಗ ನೆನಪು ಕಥನವಾಗುವಾಗ ಏನು ಉಳಿಯಿತು, ಏನು ಬದಲಾಯಿತೆಂಬುದು ತಿಳಿಯುತ್ತದೆ. ಆದರೂ ಆತ್ಮಕಥೆಯೂ ದಶಕಗಳ ಅನಂತರದ ಬರಹವೆಂಬುದನ್ನು ಮರೆಯುವಂತಿಲ್ಲ. ಬೆಂಗಳೂರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ಲೇಗ್ ಮಾರಮ್ಮನ ಗುಡಿಗಳು ಇವೆಲ್ಲಕ್ಕಿಂತ ಬೇರೆಯ ಬಗೆಯ ಆಕರ; ಅಲ್ಲಿ ಲಿಖಿತ ಸಾಕ್ಷ್ಯ ಸಿಗದೆಂದು ಬಿಟ್ಟುಬಿಡುವುದು ಜಾನಪದ ಅಧ್ಯಯನದ ಹಿನ್ನೆಲೆಯುಳ್ಳ ವಿಭಾಗಗಳಿಗೆ ಶೋಭಿಸದು.

ವೈದ್ಯರೇ ಬರೆದ ಕನ್ನಡ ಕೃತಿಗಳಿಗೆ ಅವುಗಳದೇ ಆದ ಮಿತಿಯಿದೆ. ಅನುಪಮಾ ನಿರಂಜನರ 'ತಾಯಿ ಮಗು', ಎಂ. ಶಿವರಾಂ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಮನಮಂಥನ' ಇವು ತಮ್ಮ ಕಾಲದ ವೈದ್ಯಜ್ಞಾನವನ್ನು ಕನ್ನಡಕ್ಕೆ ತಂದವು. ಅವುಗಳ ವೈದ್ಯಕೀಯ ಸಲಹೆಯನ್ನು ಇಂದಿನ ಸತ್ಯವೆಂದು ಉದ್ಧರಿಸುವಂತಿಲ್ಲ. ಕನ್ನಡದಲ್ಲಿ ಓದುಗರನ್ನು, ಅದರಲ್ಲಿಯೂ ಗೃಹಿಣಿಯರನ್ನು, ವೈದ್ಯರು ಹೇಗೆ ಸಂಬೋಧಿಸಿದರು ಎಂಬುದಕ್ಕೆ ಮಾತ್ರ ಅವು ಶ್ರೇಷ್ಠ ಆಕರಗಳು. ಇಲ್ಲಿ ಮರುಮುದ್ರಣಗಳನ್ನಲ್ಲದೆ ಮೊದಲ ಮುದ್ರಣವನ್ನು ಹುಡುಕಿ ನೋಡಬೇಕು. ಪರಿಷ್ಕರಣಗಳಲ್ಲಿ ಏನು ಬಿಟ್ಟುಹೋಯಿತೆಂಬುದೇ ಒಂದು ಅಧ್ಯಯನ.

5

ಅಂತರರಾಷ್ಟ್ರೀಯ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಮಾತ್ರಕ್ಕೆ ಲೇಖನ ಶಾಶ್ವತ ಪ್ರಮಾಣವಾಗುವುದಿಲ್ಲ. ಎಂಎಂಆರ್ ಲಸಿಕೆಯನ್ನು ಆಟಿಸಂಗೆ ತಳುಕುಹಾಕಿದ 'ಲ್ಯಾನ್ಸೆಟ್' ಲೇಖನ 1998ರಲ್ಲಿ ಬಂದು 2010ರಲ್ಲಿ ಹಿಂತೆಗೆಯಲ್ಪಟ್ಟಿತು. ಅದೇ ಪತ್ರಿಕೆಯಲ್ಲಿ 2020ರ ಮೇ 22ರಂದು ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತ ಲೇಖನ ಜೂನ್ 4ರಂದೇ ಹಿಂತೆಗೆಯಲ್ಪಟ್ಟಿತು. ಮೊದಲನೆಯದು 12 ವರ್ಷ ಓಡಾಡಿತು, ಎರಡನೆಯದು ಎರಡು ವಾರ. ಉಲ್ಲೇಖಿಸುವ ದಿನ ಮತ್ತೊಮ್ಮೆ ಪರಿಶೀಲಿಸುವುದು ಇದರಿಂದ ಅನಿವಾರ್ಯ. ನಮ್ಮಲ್ಲಿ ಪತ್ರಿಕೆಗಳ ಗುಣಮಟ್ಟಕ್ಕೆ ಆಧಾರವಾಗಿದ್ದ ವಿಶ್ವವಿದ್ಯಾಲಯ ಅನುದಾನ ಆಯೋಗದ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದೆ. ತೂಗಿ ನೋಡುವ ಹೊಣೆ ಈಗ ಸಂಶೋಧಕ ಮತ್ತು ಮಾರ್ಗದರ್ಶಕರದು.

ಕರಪತ್ರ, ಭಿತ್ತಿಪತ್ರಗಳ ಮುಖ್ಯ ದೋಷವೆಂದರೆ ಅವುಗಳ ಮೇಲೆ ಇಸವಿ ಇರದಿರುವುದು. ಆದರೂ ಕಾಲನಿರ್ಣಯ ಅಸಾಧ್ಯವಲ್ಲ. ಶಾಸನದ ಲಿಪಿಯಿಂದ ಕಾಲವನ್ನು ಊಹಿಸುವಂತೆ ಇಲ್ಲಿ ಒಕ್ಕಣೆಯಿಂದ ಊಹಿಸಬಹುದು. ಕ್ಷಯದ ತಪಾಸಣೆಗೆ ಮೂರು ವಾರಗಳ ಕೆಮ್ಮು ಎಂಬ ಮಾನದಂಡ 2009ರ ಸುಮಾರಿಗೆ ಎರಡು ವಾರಗಳಿಗೆ ಇಳಿಯಿತು. 'ಪರಿಷ್ಕೃತ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮ'ವು 2020ರಲ್ಲಿ 'ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮ'ವಾಯಿತು. ಆದ್ದರಿಂದ 'ಎರಡು ವಾರ' ಮತ್ತು 'ನಿಯಂತ್ರಣ' ಎರಡೂ ಇರುವ ಭಿತ್ತಿಪತ್ರ ಈ ಎರಡು ವರ್ಷಗಳ ನಡುವೆ ಮುದ್ರಣವಾದುದೆಂದು ಹೇಳಬಹುದು. ಮುದ್ರಣದ ಕಾಲ ಒಂದು, ಗೋಡೆಯ ಮೇಲೆ ಉಳಿದ ಕಾಲ ಇನ್ನೊಂದು. 'ಮೂರು ವಾರ' ಎನ್ನುವ ಹಳೆಯ ಹಾಳೆ ಆರೋಗ್ಯ ಕೇಂದ್ರದ ಗೋಡೆಯಿಂದ ಇಳಿಯದೆ ಉಳಿದಿದ್ದರೆ, ಅದನ್ನು ಓದಿದ ರೋಗಿಗೆ ಒಂದು ವಾರ ತಡವಾಯಿತು. ಛಾಯಾಚಿತ್ರ ತೆಗೆಯುವಾಗ ಹಾಳೆಯನ್ನಷ್ಟೇ ಅಲ್ಲದೆ ಅದು ಅಂಟಿರುವ ಗೋಡೆ, ಪಕ್ಕದ ಹಾಳೆಗಳು, ಅದು ಹೊರರೋಗಿಗಳ ಸಾಲಿಗೆ ಕಾಣುವಂತಿದೆಯೇ ಎಂಬುದೂ ಬರುವಂತೆ ತೆಗೆದು, ದಿನಾಂಕವನ್ನೂ ಸ್ಥಳವನ್ನೂ ಬರೆದಿಡಬೇಕು. ಆ ಸಾಲಿನಲ್ಲಿ ನಿಂತವರ ಮುಖ ಮಾತ್ರ ಚಿತ್ರದಲ್ಲಿ ಬರಕೂಡದು.